ನಲವತ್ತು ಎಂದರೆ ಯಾವ ನಲವತ್ತು?

ಮಳೆಗಾಲ ಶುರುವಾಯಿತೆಂದರೆ ಮಂಡ್ಯ, ಮೈಸೂರಿನ ಕಡೆ ಪತ್ರಿಕೆ ಕೈಗೆ ಬಂದ ಕೂಡಲೇ ಬಹಳ ಜನ ಹುಡುಕುವುದು ಮೂಲೆಯಲ್ಲಿರುವ ಒಂದು ಪುಟ್ಟ ಚೌಕವನ್ನು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ಇದರಲ್ಲಿ ಮೊದಲ ಸಾಲನ್ನು ಯಾರೂ ಓದುವುದಿಲ್ಲ. ನಿನ್ನೆಯೂ ಅದೇ, ನಾಳೆಯೂ ಅದೇ. ಆದರೂ ಪತ್ರಿಕೆಯವರು ಅದನ್ನು ಕೈಬಿಡುವುದಿಲ್ಲ, ಬಿಟ್ಟರೆ ಎರಡನೆಯ ಸಾಲಿಗೆ ಅರ್ಥವಿರುವುದಿಲ್ಲ. ಕಟ್ಟೆಯಲ್ಲಿ 110 ಅಡಿ ನೀರಿದೆ ಎಂದು ಹೊರಗಿನವರೊಬ್ಬರಿಗೆ ಹೇಳಿ ನೋಡಿ. ಸಂತೋಷಪಡಬೇಕೋ ಚಿಂತಿಸಬೇಕೋ ಅವರಿಗೆ ತಿಳಿಯುವುದಿಲ್ಲ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರ ಮಾತಿನಲ್ಲಿ ಹೇಳುವುದಾದರೆ ಆ 124.80 ಒಂದು ಸ್ಥಿರಾಂಕ, ಅದರ ಕೆಳಗಿರುವುದೆಲ್ಲ ಚರಾಂಕ. ಪಠ್ಯಪುಸ್ತಕಗಳಲ್ಲಿ ಈ ವಿಷಯಕ್ಕೆ ಒಂದೂವರೆ ಸಾಲು ಸಿಕ್ಕಿದರೆ ಹೆಚ್ಚು: ಪ್ರೋಗ್ರಾಂ ನಡೆಯುವಾಗ ಮೌಲ್ಯ ಬದಲಾಗದೆ ಉಳಿಯುವುದು ಸ್ಥಿರಾಂಕ. ನಾನೂ ಇದನ್ನೇ ಬಾಯಿಪಾಠ ಮಾಡಿ ಎರಡು ಅಂಕ ಪಡೆದವನು. ಉತ್ತರ ತಪ್ಪಲ್ಲ, ಆದರೆ ಕೆಲಸಕ್ಕೆ ಬಾರದು. ಯಾವುದು ಬದಲಾಗುವುದಿಲ್ಲ ಎಂದು ತೀರ್ಮಾನಿಸುವವರು ಯಾರು? ಇಂದು ಬದಲಾಗದ್ದು ಮುಂದಿನ ವರ್ಷ ಬದಲಾದರೆ ಯಾರು, ಎಲ್ಲಿ ತಿದ್ದಬೇಕು? ಕಷ್ಟವೆಲ್ಲ ಇಲ್ಲಿದೆ.

ಅದೇ ಚೌಕವನ್ನು ಇಟ್ಟುಕೊಂಡು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಇಡೀ ದಿನ ಒಂದೇ ಸಮ ನೀರು ಬಂದರೆ ಎಷ್ಟು ಟಿಎಂಸಿ ಸೇರಿತು ಎಂಬುದನ್ನು ಹೀಗೆ ಬರೆಯಬಹುದು:

ದಿನದ_ಟಿಎಂಸಿ = ಒಳಹರಿವು × 86400 ÷ 1000000000

ಲೆಕ್ಕ ಸರಿಯಾಗಿದೆ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ. ಈ ಒಂದು ಅಂಕಿ ನೆನಪಿದ್ದರೆ ಪತ್ರಿಕೆ ಓದುತ್ತಲೇ ಕಟ್ಟೆ ಎಷ್ಟು ದಿನಕ್ಕೆ ತುಂಬೀತು ಎಂದು ಅಂದಾಜು ಹಾಕಬಹುದು. ಆದರೆ ಆ ಸಾಲಿನಲ್ಲಿರುವ 86400 ಏನು? ಬರೆದವನಿಗೆ ಬರೆದ ದಿನ ಗೊತ್ತು. ಆರು ತಿಂಗಳ ನಂತರ ಅವನಿಗೇ ಒಂದು ಕ್ಷಣ ತಡವರಿಸುತ್ತದೆ. ಹೀಗೆ ಹೆಸರಿಲ್ಲದೆ ಎಲ್ಲಿಂದಲೋ ಬಂದು ಕುಳಿತ ಅಂಕಿಯನ್ನು ನಮ್ಮವರು ಮ್ಯಾಜಿಕ್ ನಂಬರ್ ಎನ್ನುತ್ತಾರೆ. ಅದಕ್ಕೊಂದು ಹೆಸರು ಕೊಟ್ಟರೆ ಹೀಗಾಗುತ್ತದೆ:

ಸ್ಥಿರ ದಿನಕ್ಕೆ_ಸೆಕೆಂಡ್ = 24 × 60 × 60
ಸ್ಥಿರ ಟಿಎಂಸಿಗೆ_ಘನಅಡಿ = 1000000000
ದಿನದ_ಟಿಎಂಸಿ = ಒಳಹರಿವು × ದಿನಕ್ಕೆ_ಸೆಕೆಂಡ್ ÷ ಟಿಎಂಸಿಗೆ_ಘನಅಡಿ

ಮೊದಲ ಸಾಲಿನಲ್ಲಿ 86400 ಎಂದು ಬರೆಯದೆ ಗುಣಾಕಾರವನ್ನು ಹಾಗೆಯೇ ಬಿಟ್ಟಿರುವುದನ್ನು ಗಮನಿಸಿ. ಪ್ರತಿ ಸಲವೂ ಯಂತ್ರ ಗುಣಿಸುತ್ತಾ ಕೂರಬೇಕಲ್ಲ ಎಂದು ಹೊಸಬರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಮೂರೂ ಅಂಕಿಗಳು ಮೊದಲೇ ಗೊತ್ತಿರುವುದರಿಂದ ಕಂಪೈಲರ್, ಅಂದರೆ ನಾವು ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಅದನ್ನು ತಾನೇ ಗುಣಿಸಿ, 86400 ಎಂದು ಬರೆದಿಟ್ಟು ಮುಂದೆ ಹೋಗುತ್ತದೆ. ಓದುವವನಿಗೆ ಅನುಕೂಲ, ಯಂತ್ರಕ್ಕೆ ಹೊರೆಯಿಲ್ಲ.

ಹೆಸರು ಕೊಡುವುದು ಬರೀ ಅಂದಚೆಂದದ ಮಾತು ಎಂದು ನಾನು ಬಹಳ ದಿನ ತಿಳಿದಿದ್ದೆ. ಆ ಭ್ರಮೆಯನ್ನು ಬಿಡಿಸಿದ್ದು ನನ್ನ ಸೋದರಮಾವ. ಮಂಡ್ಯದ ಹತ್ತಿರ ನಮ್ಮ ಕುಟುಂಬದ ನಾಲ್ಕಾರು ಮನೆಗಳ ಕಬ್ಬಿನ ಲೆಕ್ಕವನ್ನು ಅವರೇ ನೋಡಿಕೊಳ್ಳುವುದು. ಯಾರದು ಎಷ್ಟು ಗುಂಟೆ, ಎಷ್ಟು ಟನ್ ಬಂದೀತು, ಎಷ್ಟು ಆಲೆಮನೆಗೆ, ಎಷ್ಟು ಕಾರ್ಖಾನೆಗೆ ಎಂಬುದೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿತ್ತು. ಓದಿದ ಅಳಿಯ ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವಾಗ ಪುಸ್ತಕವೇಕೆ ಎಂದು ನಾನೇ ಮುಂದೆ ಬಿದ್ದು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಇಳುವರಿಯ ಅಂದಾಜಿನ ಸಾಲು ಹೀಗಿತ್ತು:

ಅಂದಾಜು_ಟನ್ = ಗುಂಟೆ ÷ 40 × 40

ಮೊದಲ 40 ಎಕರೆಗೆ ಗುಂಟೆ. ಎರಡನೆಯ 40 ಎಕರೆಗೆ ಟನ್, ಮಾವ ಅಂದಾಜಿಗೆ ಹಿಡಿಯುತ್ತಿದ್ದ ಇಳುವರಿ. ನೋಡಿದವರಿಗೆ ಇದು ಹುಚ್ಚರ ಸಾಲಿನಂತೆ ಕಾಣುತ್ತದೆ: ಭಾಗಿಸಿ, ಮತ್ತೆ ಅದರಿಂದಲೇ ಗುಣಿಸುವುದೇ? ನನಗೆ ಆಗ ಹಾಗೆ ಕಾಣಲಿಲ್ಲ, ಏಕೆಂದರೆ ಯಾವ ನಲವತ್ತು ಯಾವುದು ಎಂದು ನನ್ನ ತಲೆಯಲ್ಲಿ ಇತ್ತು. ಪ್ರೋಗ್ರಾಂನಲ್ಲಿ ಇರಲಿಲ್ಲ.

ಒಂದು ವರ್ಷ ಮಳೆ ಚೆನ್ನಾಗಿ ಬಂತು. ನಾಲೆಯಲ್ಲಿ ನೀರಿಗೂ ಕೊರತೆಯಿರಲಿಲ್ಲ. ಮಾವ ಫೋನ್ ಮಾಡಿ, "ಈ ಸಲ ಎಕರೆಗೆ ನಲವತ್ತು ಬೇಡಪ್ಪಾ, ನಲವತ್ತೈದು ಹಿಡಿ" ಎಂದರು. ರೈಲಿನಲ್ಲಿ ಕುಳಿತಿದ್ದವನು ಲ್ಯಾಪ್‌ಟಾಪ್ ತೆರೆದು, 40 ಇರುವಲ್ಲೆಲ್ಲ 45 ಹಾಕು ಎಂದು ಒಂದೇ ಏಟಿಗೆ ಬದಲಿಸಿ ಕಳುಹಿಸಿದೆ. ಐದು ನಿಮಿಷದ ಕೆಲಸ.

ಎರಡು ದಿನ ಬಿಟ್ಟು ಮತ್ತೆ ಫೋನ್. "ಇಳುವರಿ ಜಾಸ್ತಿ ಮಾಡಿದೆ ಅಂದೆ. ನೂರು ಗುಂಟೆಗೆ ಮೊದಲೂ ನೂರು ಟನ್, ಈಗಲೂ ನೂರೇ ಟನ್ ತೋರಿಸುತ್ತಿದೆಯಲ್ಲ?"

ಆಗುವುದೇ ಹಾಗೆ. 40ರಿಂದ ಭಾಗಿಸಿ 40ರಿಂದ ಗುಣಿಸಿದರೂ ನೂರು, 45ರಿಂದ ಭಾಗಿಸಿ 45ರಿಂದ ಗುಣಿಸಿದರೂ ನೂರು. ಬರಬೇಕಾದದ್ದು 112.5 ಟನ್. ನಾನು ಅದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮಾವ ಇನ್ನೊಂದು ಪುಟ ತೆರೆದಿದ್ದರು.

"ಅದಿರಲಿ, ಪಹಣಿಯಲ್ಲಿ ನಮ್ಮದು ಎರಡು ಎಕರೆ ಇಪ್ಪತ್ತು ಗುಂಟೆ. ನಿನ್ನ ಕಂಪ್ಯೂಟರ್ ಎರಡು ಎಕರೆ ಹತ್ತು ಗುಂಟೆ ಎನ್ನುತ್ತಿದೆ. ಹತ್ತು ಗುಂಟೆ ಯಾರಿಗೆ ಬರೆದುಕೊಟ್ಟೆ?"

ಎಕರೆಗೆ 45 ಗುಂಟೆ ಎಂದು ನಾನು ಸರ್ವೆ ಇಲಾಖೆಯನ್ನೂ ಮೀರಿಸಿ ತೀರ್ಪು ಕೊಟ್ಟಿದ್ದೆ. ನೂರು ಗುಂಟೆಯಲ್ಲಿ ನಲವತ್ತೈದರ ಎರಡು ಪಾಲು ತೆಗೆದರೆ ಉಳಿಯುವುದು ಹತ್ತೇ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಅಂಥ 40 ಸೇರಿದರೆ 43,560 ಚದರ ಅಡಿ, ಅದೇ ಒಂದು ಎಕರೆ. ಈ ನಲವತ್ತಕ್ಕೂ ಆ ವರ್ಷದ ಮಳೆಗೂ ಯಾವ ಸಂಬಂಧವೂ ಇಲ್ಲ. ಎರಡೂ ನಲವತ್ತಾಗಿದ್ದುದು ಬರೀ ಕಾಕತಾಳೀಯ. ಮೊದಲ ದಿನವೇ ಎಕರೆಗೆ_ಗುಂಟೆ ಎಂದೂ ಎಕರೆಗೆ_ಟನ್ ಎಂದೂ ಎರಡು ಹೆಸರು ಬರೆದಿದ್ದರೆ ಒಂದನ್ನು ಮುಟ್ಟಿ ಇನ್ನೊಂದನ್ನು ಹಾಗೆಯೇ ಬಿಡುತ್ತಿದ್ದೆ. ಎರಡು ಸಾಲು ಬರೆಯುವ ಸೋಮಾರಿತನಕ್ಕೆ ಹಬ್ಬದ ಊಟದ ಹೊತ್ತಿನಲ್ಲೆಲ್ಲ ಈಗಲೂ ಬೆಲೆ ತೆರುತ್ತಿದ್ದೇನೆ.

ಹೆಸರಿನ ಮಾತಾಯಿತು. ಇನ್ನು ಬೀಗದ ಮಾತು. ಹೆಸರಿಟ್ಟ ಮಾತ್ರಕ್ಕೆ ಯಾರೂ ಅದನ್ನು ಬದಲಿಸುವುದಿಲ್ಲ ಎಂದೇನೂ ಇಲ್ಲ. ಬದಲಿಸಲು ಹೋದವರನ್ನು ತಡೆಯುವ ಏರ್ಪಾಡು ಒಂದೊಂದು ಭಾಷೆಯಲ್ಲಿ ಒಂದೊಂದು ಬಗೆ.

ಬೀಗವೇ ಇಲ್ಲದಿದ್ದ ಕಾಲವೂ ಇತ್ತು. ಹಳೆಯ ಫೋರ್‌ಟ್ರಾನ್ ಭಾಷೆಯಲ್ಲಿ ಒಂದು ಉಪಪ್ರೋಗ್ರಾಂಗೆ (ದೊಡ್ಡ ಪ್ರೋಗ್ರಾಂ ಕರೆದು ಕೆಲಸ ಒಪ್ಪಿಸುವ ಚಿಕ್ಕ ತುಣುಕಿಗೆ) ಅಂಕಿಯನ್ನು ಕೊಟ್ಟರೆ, ಹೋಗುತ್ತಿದ್ದುದು ಅಂಕಿಯ ನಕಲಲ್ಲ, ಅದು ಮೆಮೊರಿಯಲ್ಲಿ ಕುಳಿತ ಜಾಗದ ವಿಳಾಸ. ಕೆಲವು ಕಂಪೈಲರ್‌ಗಳು ಪ್ರೋಗ್ರಾಂನಲ್ಲಿ ಬರುವ ಎಲ್ಲ 4ಗಳಿಗೂ ಸೇರಿ ಒಂದೇ ಜಾಗ ಇಡುತ್ತಿದ್ದವು. ಉಪಪ್ರೋಗ್ರಾಂ ತನಗೆ ಬಂದುದಕ್ಕೆ ಒಂದು ಕೂಡಿಸಿದರೆ ಆ ಜಾಗದಲ್ಲಿ 5 ಬಂದು ಕೂರುತ್ತಿತ್ತು. ಅಲ್ಲಿಂದ ಮುಂದೆ ಪ್ರೋಗ್ರಾಂನಲ್ಲಿ ಎಲ್ಲೆಲ್ಲಿ 4 ಎಂದು ಬರೆದಿದೆಯೋ ಅಲ್ಲೆಲ್ಲ ಯಂತ್ರಕ್ಕೆ ಕಾಣುವುದು 5. ಕಣ್ಣಿಗೆ 4 ಕಾಣುತ್ತಿದೆ, ಲೆಕ್ಕ 5ರದು ಬರುತ್ತಿದೆ. ಇಂಥ ತಪ್ಪನ್ನು ರಾತ್ರಿಯಿಡೀ ಹುಡುಕಿದವರ ಪಾಡು ಊಹಿಸಿಕೊಳ್ಳಿ. ನನ್ನ ಹತ್ತು ಗುಂಟೆ ಅದರ ಮುಂದೆ ಏನೂ ಅಲ್ಲ.

ಸಿ ಭಾಷೆಯಲ್ಲಿ ಎರಡು ದಾರಿಗಳಿವೆ. ಒಂದು ಡಿಫೈನ್. ಇದು ಸ್ಥಿರಾಂಕವೇ ಅಲ್ಲ ಎಂದು ನನ್ನ ವಾದ. ಕಂಪೈಲರ್ ಕಣ್ಣುಬಿಡುವ ಮೊದಲೇ ಹೆಸರು ಇರುವಲ್ಲೆಲ್ಲ ಅದರ ಪಠ್ಯವನ್ನು ಅಂಟಿಸುವ ಕೆಲಸ ಅಷ್ಟೆ. ಇಳುವರಿ ಎಂದರೆ 40 + 5 ಎಂದು ಆವರಣವಿಲ್ಲದೆ ಡಿಫೈನ್ ಮಾಡಿ, ಆಮೇಲೆ ಇಳುವರಿ × 2 ಎಂದು ಬರೆದರೆ 90 ಬರುವುದಿಲ್ಲ. ಅಂಟಿಸಿದ ಮೇಲೆ ಅದು 40 + 5 × 2 ಆಗುತ್ತದೆ, ಗುಣಾಕಾರ ಮೊದಲು ನಡೆದು 50 ಬರುತ್ತದೆ. ಇನ್ನೊಂದು ದಾರಿ ಕಾನ್‌ಸ್ಟ್ ಎಂಬ ಪದ. ಇದು ಸಿ ಪ್ಲಸ್ ಪ್ಲಸ್ ಕಡೆಯಿಂದ ಬಂದು 1989ರ ಸಿ ಮಾನಕದಲ್ಲಿ ಸೇರಿಕೊಂಡಿತು. ಕಾನ್‌ಸ್ಟ್ ಎಂದು ಬರೆದ ಹೆಸರಿಗೆ ಆಮೇಲೆ ಬೇರೆ ಮೌಲ್ಯ ಕೊಡಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ, ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಜಾವಾದಲ್ಲಿ ಈ ಕೆಲಸ ಫೈನಲ್ ಎಂಬ ಪದದ್ದು. ತಮಾಷೆಯೆಂದರೆ ಕಾನ್‌ಸ್ಟ್ ಕೂಡ ಜಾವಾದಲ್ಲಿ ಕಾದಿರಿಸಿದ ಪದವೇ. ಆದರೆ ಅದಕ್ಕೆ ಯಾವ ಕೆಲಸವನ್ನೂ ಕೊಟ್ಟಿಲ್ಲ. ಕುರ್ಚಿಗೆ ಟವೆಲ್ ಹಾಕಿ ಹೋದವರು ಬರಲೇ ಇಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ 2015ರ ಮಾನಕದಿಂದ ಕಾನ್‌ಸ್ಟ್ ಇದೆ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ಕಾನ್‌ಸ್ಟ್ ಎಂದು ಒಂದು ಪಟ್ಟಿಯನ್ನು ಇಟ್ಟರೆ ಅದಕ್ಕೆ ಹೊಸದೇನನ್ನೂ ಸೇರಿಸಲಾಗದು ಎಂದುಕೊಳ್ಳುತ್ತಾರೆ. ಸೇರಿಸಿದರೆ ಸಲೀಸಾಗಿ ಸೇರುತ್ತದೆ. ಇದನ್ನು ನಾನು ವಿವರಿಸುವುದು ಊರಿನ ಅಂಗಡಿಯ ಸಾಲದ ಪುಸ್ತಕದಿಂದ. ಪುಸ್ತಕದಲ್ಲಿ ನಮ್ಮ ಮನೆಗೆ 17ನೆಯ ಪುಟ. ವರ್ಷವಿಡೀ ಅದೇ ಪುಟ, ಬೇರೆಯವರಿಗೆ ಅದು ಹೋಗುವುದಿಲ್ಲ, ನಮ್ಮ ಲೆಕ್ಕ 18ಕ್ಕೆ ಬರುವುದಿಲ್ಲ. ಆದರೆ ಆ ಪುಟದಲ್ಲಿ ದಿನವೂ ಬರೆಯುತ್ತಾರೆ: ಅಕ್ಕಿ, ಬೇಳೆ, ಎಣ್ಣೆ, ತಿಂಗಳ ಕೊನೆಗೆ ದುಡ್ಡು ಕೊಟ್ಟಾಗ ಹೊಡೆದುಹಾಕುತ್ತಾರೆ. ಸ್ಥಿರವಾಗಿರುವುದು ಮನೆಗೂ ಪುಟಕ್ಕೂ ಇರುವ ನಂಟು. ಪುಟದೊಳಗಿನ ಬರಹ ಸ್ಥಿರವೆಂದು ಯಾರೂ ಮಾತು ಕೊಟ್ಟಿಲ್ಲ. ಪುಟಕ್ಕೂ ಬೀಗ ಬೇಕೆಂದರೆ ಆ ಭಾಷೆಯಲ್ಲಿ ಆಬ್ಜೆಕ್ಟ್ ಡಾಟ್ ಫ್ರೀಜ್ ಎಂಬ ಬೇರೆ ಉಪಾಯವಿದೆ. ಅದೂ ಮೇಲಿನ ಪದರಕ್ಕೆ ಮಾತ್ರ. ಪುಟಕ್ಕೆ ಪಿನ್ ಮಾಡಿದ ಚೀಟಿಗಳಿಗೆ ಅದು ತಾಗುವುದಿಲ್ಲ.

ಪೈಥಾನ್‌ನವರು ಬೀಗದ ಗೊಡವೆಗೇ ಹೋಗಿಲ್ಲ. ಅಲ್ಲಿ ಇರುವುದು ಮರ್ಯಾದೆ: ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಅದು ಸ್ಥಿರಾಂಕ, ದಯವಿಟ್ಟು ಮುಟ್ಟಬೇಡಿ ಎಂದರ್ಥ. ಮುಟ್ಟಿದರೆ ಯಂತ್ರ ಏನೂ ಅನ್ನುವುದಿಲ್ಲ. 3.8ನೆಯ ಆವೃತ್ತಿಯಲ್ಲಿ ಫೈನಲ್ ಎಂಬ ಗುರುತು ಬಂದಿದೆ, ಅದನ್ನೂ ಗಮನಿಸುವುದು ಪ್ರತ್ಯೇಕ ತಪಾಸಣೆಯ ತಂತ್ರಾಂಶವೇ ಹೊರತು ಪೈಥಾನ್ ಅಲ್ಲ. ಇಲ್ಲಿ ನಮಗೊಂದು ವಿಶೇಷ ತೊಡಕಿದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಎಕರೆಗೆ_ಗುಂಟೆ ಎಂದು ಬರೆದರೆ ಸೊಗಸಾಗಿ ಓಡುತ್ತದೆ. ಆದರೆ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ! ಮುಟ್ಟಬೇಡಿ ಎಂದು ಹೇಳುವುದು ಹೇಗೆ? ಮಾವನಿಗೆ ಬರೆದುಕೊಟ್ಟ ಪ್ರೋಗ್ರಾಂನಲ್ಲಿ ನಾನು ಅಂಥ ಪ್ರತಿ ಹೆಸರಿನ ಆರಂಭಕ್ಕೂ ಸ್ಥಿರ_ ಎಂದು ಸೇರಿಸಿ ಕೈತೊಳೆದುಕೊಂಡೆ.

ಬೀಗ ಹಾಕುವುದು ಸುಲಭ. ಯಾವುದಕ್ಕೆ ಹಾಕಬೇಕು ಎಂಬುದು ಸುಲಭವಲ್ಲ, ಇದನ್ನು ಯಾವ ಭಾಷೆಯೂ ಹೇಳಿಕೊಡುವುದಿಲ್ಲ. ಮತ್ತೆ ಕಟ್ಟೆಗೆ ಬನ್ನಿ. ಗರಿಷ್ಠ ಮಟ್ಟ 124.80 ಅಡಿ. ಒಟ್ಟು ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ. ಎರಡೂ ಪತ್ರಿಕೆಯಲ್ಲಿ ಅಕ್ಕಪಕ್ಕ ಬರುತ್ತವೆ, ಎರಡೂ ದಿನವೂ ಒಂದೇ. ಆದರೆ ಎರಡರ ಸ್ಥಿರತೆ ಒಂದೇ ತೂಕದ್ದಲ್ಲ. ಮೊದಲನೆಯದು ಕಟ್ಟೆ ಕಟ್ಟಿದವರು ಗೊತ್ತುಮಾಡಿದ ಮಟ್ಟ. ಎರಡನೆಯದು ಆ ಮಟ್ಟದವರೆಗೆ ಎಷ್ಟು ನೀರು ಹಿಡಿಸುತ್ತದೆ ಎಂದು ಅಳೆದು ಹೇಳಿದ್ದು. ಯಾವ ಜಲಾಶಯದಲ್ಲೇ ಆಗಲಿ ತಳದಲ್ಲಿ ಹೂಳು ತುಂಬುತ್ತದೆ, ಅಡಿ ಅಷ್ಟೇ ಇದ್ದರೂ ನೀರು ಕಡಿಮೆ ಹಿಡಿಸುತ್ತದೆ. ಮತ್ತೆ ಅಳೆದ ದಿನ ಆ ಅಂಕಿಯನ್ನು ತಿದ್ದಬೇಕಾಗಬಹುದು. ಹಾಗಾಗಿ ನಾನು ಬರೆಯುವುದಾದರೆ 124.80ನ್ನು ಪ್ರೋಗ್ರಾಂನೊಳಗೇ ಇಡುತ್ತೇನೆ, 49.452ನ್ನು ಹೊರಗಿನ ಒಂದು ಕಡತದಲ್ಲಿ, ಅಳೆದ ವರ್ಷದ ಜೊತೆಗೆ ಇಡುತ್ತೇನೆ.

ಕಬ್ಬಿನ ಬೆಲೆಯಲ್ಲಿ ಇದು ಇನ್ನೂ ಸ್ಪಷ್ಟ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಪ್ರಕಟಿಸುತ್ತದೆ. 2023–24ಕ್ಕೆ ಟನ್ನಿಗೆ 3,150 ರೂಪಾಯಿ, 2024–25ಕ್ಕೆ 3,400, 2025–26ಕ್ಕೆ 3,550. ವರ್ಷಕ್ಕೊಮ್ಮೆ ಬದಲಾಗುವ ಇದನ್ನು ಸ್ಥಿರಾಂಕ ಎನ್ನಲು ಸಾಧ್ಯವಿಲ್ಲ. ಚರಾಂಕ ಎಂದು ಬಿಟ್ಟು, ಹೊಸದು ಬಂದಾಗ ಹಳೆಯದನ್ನು ಅಳಿಸಿ ಬರೆದರೆ? ಹಿಂದಿನ ವರ್ಷದ ಬಿಲ್ಲನ್ನು ಮತ್ತೆ ತೆಗೆದು ನೋಡಿದಾಗ ಈ ವರ್ಷದ ದರದಲ್ಲಿ ಲೆಕ್ಕ ಬರುತ್ತದೆ. ಬೇಕಾಗಿರುವುದು ಹಂಗಾಮು ಒಂದು ಕಡೆ, ದರ ಒಂದು ಕಡೆ ಇರುವ ಪಟ್ಟಿ. ಪಟ್ಟಿಗೆ ಹೊಸ ಸಾಲು ಸೇರಬಹುದು, ಹಳೆಯ ಸಾಲನ್ನು ಯಾರೂ ತಿದ್ದುವಂತಿಲ್ಲ.

ಇಷ್ಟು ಮಾಡಿದರೂ ತಪ್ಪಿಸಿಕೊಳ್ಳುವ ಒಂದು ಅಂಕಿಯಿದೆ. ಎಫ್‌ಆರ್‌ಪಿ ಎಂಬುದು ಬರೀ ಟನ್ನಿನ ದರವಲ್ಲ, ಇಂತಿಷ್ಟು ಸಕ್ಕರೆ ಇಳುವರಿಗೆ ಇಂತಿಷ್ಟು ಎಂಬ ಮಾತು. ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ ಬಂದರೆ ಈ ದರ. ಅದಕ್ಕಿಂತ ಪ್ರತಿ 0.1 ಮೇಲೆ ಹೋದಂತೆ ಇಷ್ಟು ಹೆಚ್ಚು. ಈ 10.25 ಮೊದಲಿನಿಂದ ಇದ್ದದ್ದಲ್ಲ. 2017–18ರಲ್ಲಿ 9.5 ಇತ್ತು, 2018–19ರಿಂದ 10 ಆಯಿತು, 2022–23ರಲ್ಲಿ 10.25ಕ್ಕೆ ಏರಿತು. ನಡುವಿನ ನಾಲ್ಕು ಹಂಗಾಮುಗಳಲ್ಲಿ ದರ ಬದಲಾದರೂ ಮೂಲ ಇಳುವರಿ ಅಲುಗಲಿಲ್ಲ. ಆ ವರ್ಷಗಳಲ್ಲಿ ಪ್ರೋಗ್ರಾಂ ಬರೆದವನು ದರಕ್ಕೆ ಪಟ್ಟಿ ಮಾಡಿ, 10ನ್ನು ಮಾತ್ರ ಸ್ಥಿರಾಂಕ ಎಂದು ಬೀಗ ಹಾಕಿದ್ದರೆ ಅವನನ್ನು ದೂರಲಾಗುವುದಿಲ್ಲ. ಆದರೆ 2022–23ರಲ್ಲಿ ಅವನ ಲೆಕ್ಕ 10.25 ಇಳುವರಿಯ ಕಬ್ಬಿಗೆ ಎರಡೂವರೆ ಮೆಟ್ಟಿಲು (ಪ್ರತಿ 0.1 ಒಂದು ಮೆಟ್ಟಿಲು) ಹೆಚ್ಚಳ ಕೊಟ್ಟುಬಿಡುತ್ತದೆ. ಆ ವರ್ಷ ಕ್ವಿಂಟಲಿಗೆ ಒಂದು ಮೆಟ್ಟಿಲಿಗೆ 3.05 ರೂಪಾಯಿ; ಟನ್ನಿಗೆ ಲೆಕ್ಕ ಹಾಕಿದರೆ 76 ರೂಪಾಯಿ ಚಿಲ್ಲರೆ, ನೂರು ಟನ್ನಿಗೆ 7,625. ಪ್ರೋಗ್ರಾಂ ನಿಲ್ಲುವುದಿಲ್ಲ, ಕೆಂಪು ಅಕ್ಷರದಲ್ಲಿ ಏನೂ ಬರುವುದಿಲ್ಲ. ತಪ್ಪು ಬಿಲ್ಲು ಅಚ್ಚುಕಟ್ಟಾಗಿ ಅಚ್ಚಾಗಿ ಬರುತ್ತದೆ.

ಇನ್ನು ಎಂದಿಗೂ ಬದಲಾಗದ, ಯಾವ ಸರ್ಕಾರದ ಅಪ್ಪಣೆಗೂ ಸಿಗದ ಅಂಕಿಗಳಾದರೂ ನಿಶ್ಚಿಂತವೇ? ಹತ್ತನೆಯ ಒಂದು ಪಾಲು, ಅಂದರೆ 0.1, ಇದಕ್ಕಿಂತ ಸ್ಥಿರವಾದದ್ದು ಯಾವುದಿದೆ! ಆದರೆ ಕಂಪ್ಯೂಟರ್ ಎಣಿಸುವುದು ಸೊನ್ನೆ, ಒಂದರಲ್ಲಿ. ನಾವು ಮೂರನೆಯ ಒಂದು ಪಾಲನ್ನು 0.3333 ಎಂದು ಬರೆದು ಎಲ್ಲೋ ಒಂದು ಕಡೆ ನಿಲ್ಲಿಸುವಂತೆ, ಅದು 0.1ನ್ನು ಪೂರ್ತಿಯಾಗಿ ಬರೆಯಲಾರದು, ಎಲ್ಲೋ ಕತ್ತರಿಸಬೇಕು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೆಯ ಪಾಲುಗಳನ್ನು ಎಣಿಸಿ, ಅದನ್ನು 0.1ರಿಂದ ಗುಣಿಸಿ ಸೆಕೆಂಡು ತಿಳಿಯುತ್ತಿತ್ತು. ಆ 0.1 ಇದ್ದದ್ದು 24 ಬಿಟ್‌ಗಳಲ್ಲಿ, ಅಂದರೆ 24 ಸೊನ್ನೆ-ಒಂದುಗಳ ಜಾಗದಲ್ಲಿ, ಬಾಲ ಕತ್ತರಿಸಿಕೊಂಡು. ಒಂದು ಎಣಿಕೆಗೆ ಆಗುವ ತಪ್ಪು 0.000000095. ನೂರು ಗಂಟೆ ಸತತವಾಗಿ ನಡೆದ ಮೇಲೆ 36 ಲಕ್ಷ ಎಣಿಕೆ; ಅಷ್ಟರಲ್ಲಿ ಗಡಿಯಾರ 0.34 ಸೆಕೆಂಡು ತಪ್ಪಿತ್ತು. ಎದುರಿನಿಂದ ಬರುವ ಸ್ಕಡ್ ಕ್ಷಿಪಣಿ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಪೇಟ್ರಿಯಟ್ ತಪ್ಪು ಜಾಗದಲ್ಲಿ ಹುಡುಕಿತು. ಫೆಬ್ರುವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ 28 ಸೈನಿಕರು ಸತ್ತರು.

ಅಲ್ಲಿ ಅಂಕಿಗೆ ಹೆಸರಿರಲಿಲ್ಲವೆಂದಾಗಲಿ, ಯಾರೋ ಬದಲಿಸಿದರೆಂದಾಗಲಿ ಹೇಳುವಂತಿಲ್ಲ. ಬದಲಾಗದೆ ಉಳಿದದ್ದೇ ತೊಂದರೆ: ಮೊದಲ ದಿನದ ಸಣ್ಣ ತಪ್ಪನ್ನು ಅದು ನೂರು ಗಂಟೆ ಕಾಲ ಒಂದಿಷ್ಟೂ ಕದಲದೆ ಕಾಪಾಡಿಕೊಂಡು ಬಂದಿತ್ತು. ಹಣದ ಲೆಕ್ಕವನ್ನು ರೂಪಾಯಿಯ ದಶಾಂಶದಲ್ಲಿ ಇಡದೆ ಪೈಸೆಯ ಪೂರ್ಣಾಂಕದಲ್ಲಿ ಇಡಬೇಕೆಂದು ಅನುಭವಿಗಳು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಮಾವನ ಪ್ರೋಗ್ರಾಂ ತಿದ್ದುವಾಗ ನಾನು ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಎಕರೆಗೆ ಎಷ್ಟು ಟನ್ ಎಂಬುದನ್ನು ಸ್ಥಿರಾಂಕ ಮಾಡಿ 45 ಎಂದು ಬರೆಯಲು ಹೊರಟಾಗ ಅವರು ತಡೆದರು.

"ಅದು ಯಾವಾಗ ಸ್ಥಿರವಾಗಿತ್ತು? ತನಿ ಬೆಳೆಗೆ ಒಂದು, ಕೂಳೆಗೆ ಒಂದು. ನಾಲೆ ಪಕ್ಕದ ಹೊಲಕ್ಕೆ ಒಂದು, ದಿಣ್ಣೆ ಮೇಲಿನದಕ್ಕೆ ಒಂದು."

"ಮತ್ತೆ ಇಷ್ಟು ವರ್ಷ ನಲವತ್ತು ಎನ್ನುತ್ತಿದ್ದಿರಲ್ಲ, ಮಾವ?"

"ನೀನು ಒಂದೇ ಕೇಳಿದೆ, ಒಂದೇ ಹೇಳಿದೆ."

ಈಗ ಪ್ರತಿ ಹೊಲದ ಮುಂದೆಯೂ ಒಂದು ಖಾಲಿ ಚೌಕವಿದೆ, ಅಲ್ಲಿ ಅವರೇ ಅಂಕಿ ತುಂಬುತ್ತಾರೆ. ದರದ ಪಟ್ಟಿಗೆ ಹಂಗಾಮು ಶುರುವಾದಾಗ ಹೊಸ ಸಾಲು ಸೇರಿಸುವುದನ್ನೂ ಕಲಿತಿದ್ದಾರೆ, ಮೂಲ ಇಳುವರಿಯ ಕಾಲಮ್ಮಿನ ಜೊತೆಗೆ. ಬೀಗ ಹಾಕಿ ಒಳಗಿಟ್ಟಿರುವುದು ಎಕರೆಗೆ_ಗುಂಟೆ ಒಂದೇ. ಮೊನ್ನೆ ಹೋದಾಗ, ಉಳಿದುದನ್ನೆಲ್ಲ ತಿದ್ದಲು ಜಾಗ ಕೊಟ್ಟು ಇದೊಂದಕ್ಕೆ ಏಕೆ ಕೊಟ್ಟಿಲ್ಲ ಎಂದು ಕೇಳಿದರು. ಕೊಟ್ಟರೆ ಏನು ಮಾಡುತ್ತೀರಿ ಎಂದೆ.

"ಮೂವತ್ತೈದು ಮಾಡಿಕೊಳ್ಳುತ್ತೇನೆ. ನೂರು ಗುಂಟೆ ಎರಡು ಎಕರೆ ಮೂವತ್ತು ಗುಂಟೆಯಾಗುತ್ತದೆ. ನೀನು ಕಳೆದ ಹತ್ತು ಗುಂಟೆ ಹಾಗಾದರೂ ವಾಪಸ್ ಬರಲಿ" ಎಂದರು.